ತೆಗೆದುಹಾಕಿದ ಪುಟ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಟ್ರಾಮ್ ನಿಲ್ದಾಣದಲ್ಲಿ ಪಕ್ಕದ ಬೆಂಚಿನವರ ಮಾತು ಕಿವಿಗೆ ಬಿದ್ದು ಗುನ್ವೋರ್ ಹೆಣಿಗೆ ನಿಲ್ಲಿಸಿದಳು. ಇಬ್ಬರ ಮುಖವನ್ನೂ ಅವಳು ಪತ್ರಿಕೆಯಲ್ಲಿ ನೋಡಿದ್ದಳು. ಎರಡು ಗಂಡು ನೀರುನಾಯಿಗಳು ಮರಿಯೊಂದನ್ನು ಸಾಕುವ ಮಕ್ಕಳ ಕಾರ್ಟೂನು ಬರೆದವನು ಸಿಕ್ಸ್ಟೆನ್. ಲೈಂಗಿಕತೆಯ ಸಂಶೋಧಕಿ ಟೀರಾಳ ವರದಿ ಬಂದಮೇಲೆ ಅದು ರದ್ದಾಗಿತ್ತು. ರದ್ದಾಗಲೆಂದು ಮನವಿಗೆ ಸಹಿ ಹಾಕಿದವರಲ್ಲಿ ಗುನ್ವೋರ್ ಕೂಡ ಒಬ್ಬಳು.

"ನೂರಾ ಹನ್ನೆರಡು ಮಕ್ಕಳನ್ನ ಕೇಳಿದ್ಯಲ್ಲ ಟೀರಾ, ಏನಂದ್ರು?"

"ಮರಿ ಕಳೆದುಹೋದ್ರೆ ಯಾರು ಹುಡುಕ್ತಾರೆ ಅಂದ್ರು. ಹೆಚ್ಚುಕಡಿಮೆ ಎಲ್ಲರಿಗೂ ಅದೇ ಚಿಂತೆ."

"ಇಬ್ರು ಅಪ್ಪಂದಿರು ಅನ್ನೋದು?"

"ಇಬ್ರಲ್ಲಿ ಮೀನು ಚೆನ್ನಾಗಿ ಹಿಡಿಯೋರು ಯಾರು ಅಂತ ಒಬ್ಳು ಕೇಳಿದ್ಲು."

"ಅದನ್ನ ಬರೀಲಿಲ್ವಾ?"

"ಬರ್ದಿದ್ದೆ. ಆ ಪುಟ ಇದ್ರೆ ನಮ್ಮ ವಿಭಾಗಾನೇ ಮುಚ್ತೀವಿ ಅಂದ್ರು ವಿಶ್ವವಿದ್ಯಾಲಯದೋರು. ತೆಗ್ದೆ."

"ಮಕ್ಕಳಿಗೆ ಗೊಂದಲ ಆಗಬಹುದು ಅನ್ನೋ ಸಾಲು ಮಾತ್ರ ಉಳಿಸ್ದೆ ನೀನು."

"ಹೂಂ."

"ನಮ್ಮನೆ ಬಾಗಿಲ ಮೇಲೆ ಹೊಲಸು ಬರ್ದಿದ್ರು. ನಾನು ಒರೆಸೋಕ್ಕೆ ಮುಂಚೆ ಮಗಳು ಓದಿದ್ಲು."

"ಸಿಕ್ಸ್ಟೆನ್..."

"ನನ್ನ ಗಂಡ ಲೆನ್ನಾರ್ಟ್ ಒಬ್ನೇ ಅಪ್ಪ, ನಾನು ಜೊತೇಲಿರೋ ಮಾಮ ಅಂತ ಶಾಲೇಲಿ ಹೇಳ್ಕೊಂಡಿದ್ದಾಳೆ."

ಟ್ರಾಮ್ ಬಂತು. ಟೀರಾ ಮುಂದಿನ ಬಾಗಿಲಿನಿಂದ, ಅವನು ಹಿಂದಿನ ಬಾಗಿಲಿನಿಂದ ಹತ್ತಿದರು. ಅದೇ ಟ್ರಾಮಿಗಾಗಿ ಕಾದಿದ್ದ ಗುನ್ವೋರ್ ಹತ್ತಲಿಲ್ಲ.