ಬೇವಿನ ಗಿಡದ ಬುಡಕ ಬಂದ ಇಸ್ರೇಲು

...ಅದಕ್ಕ ಹೇಳ್ತೀನಿ, ಮೊದಲ ಆ ಟಿವಿ ಬಂದ್ ಮಾಡ್ರಿ. ಕೋಟು ಹಾಕ್ಕೊಂಡು ನಾಲ್ಕು ಮಂದಿ ಒದರ್ಲಾಕತ್ತಾರಲ್ಲ, ಇಸ್ರೇಲು ಹಿಂಗ ಮಾಡ್ಬೇಕು, ಪ್ಯಾಲೆಸ್ತೀನು ಹಂಗ ಮಾಡ್ಬೇಕಂತ, ಅವರಪ್ಪನಂಥ ಶ್ಯಾಣ್ಯಾರನ್ನ ನಾ ಕಲಬುರಗಿ ನೆಹರು ಗಂಜಿನಾಗ, ಅದೇ ಕಾಳಿನ ಬಜಾರದಾಗ, ನೋಡೀನಿ. ಅರ್ಧ ಕಪ್ ಚಾ ಆರೂದ್ರಾಗ ಯುದ್ಧ ಮುಗಿಸಿಬಿಡ್ತಿದ್ರು. ಯಾವಾಗ ಅಂತೀರಿ? ಹೋದ ಬ್ಯಾಸಿಗಿ, ಅಲ್ಲಲ್ಲ, ಅದರ ಹಿಂದಿಂದು. ನಿಮ್ಮ ಈ ಮುತ್ಯಾ, ಅಂದ್ರ ನಾ, ಸಾಯೋದು ಜರಾದಾಗ ತಪ್ಪಿದ ಬ್ಯಾಸಿಗಿ.

ನಾಕನೇತ್ತಕ್ಕ ಸಾಲಿ ಬಿಟ್ಟು ಓಡಿದಾಂವ ನಾ, ಗೊತ್ತೇ ಅದಲ್ಲ ನಿಮಗ. ಸೊಲ್ಲಾಪುರದಾಗ ಲಾರಿ ತೊಳದೆ, ಹೈದರಾಬಾದಿನಾಗ ತಾಟು ತೊಳದೆ, ಕಾಲಾಗ ಚಕ್ರ ಇದ್ದಂಗ ತಿರುಗಿದೆ. ಕಾಲು ಸೋತ ಮ್ಯಾಲ ಗಂಜಿನಾಗ ಹರಕ ಚೀಲ ಹೊಲಿಯೋ ಕೆಲಸ ಸಿಕ್ತು. ಕೈಯಾಗ ದಬ್ಬಣ, ಸುತಳಿ, ಮ್ಯಾಲ ಒಂದು ಬೇವಿನ ಗಿಡ, ಅಷ್ಟೇ ನನ್ನ ದುಕಾನ. ಆ ನೆರಳಿಲ್ಲಂದ್ರ ಕೆಲಸಿಲ್ಲ. ಬಿಸಲಿಗಿ ಒಮ್ಮಿ ತಲಿ ತಿರುಗಿ ಬಿದ್ದಿದ್ದೆ, ಡಾಕ್ಟರು "ಇನ್ನೊಮ್ಮಿ ಬಿದ್ರ ಏಳಂಗಿಲ್ಲ ನೋಡು" ಅಂದಿದ್ದ. ಅಂಥಾದ್ರಾಗ ಬಂದ ನೋಡ್ರಿ ಮೆಹಬೂಬ. ನಮ್ಮ ಕಮಲಾಪುರದಾಂವೇ, ಹಿಂದಿನ ಓಣಿ, ಅವನೂ ಚೀಲ ಹೊಲಿಯಾಂವ. ಎರಡು ವರ್ಷ ಪುಣಾದಾಗ ಮಗನ ಕಡಿ ಇದ್ದು, ಕಣ್ಣು ಆಪರೇಶನ್ ಮಾಡಿಸ್ಕೊಂಡು ತಿರುಗಿ ಬಂದಿದ್ದ. "ಶರಣಪ್ಪಾ, ಯೇ ಜಗಾ ಮೇರಾ ಹೈ. ನಮ್ಮಪ್ಪನೂ ಇಲ್ಲೇ ಕುಂತು ಹೊಲದಾನ." ನಾ ಅಂದೆ, "ನಿಮ್ಮಪ್ಪ ಕುಂತಿದ್ದ, ನೀ ಎದ್ದು ಹೋದಿ. ನೆರಳು ನಿನ್ನ ಸಲುವಾಗಿ ದಾರಿ ಕಾಯ್ತದೇನು?" "ಬಿಸಲಾಗ ನನಗ ದಬ್ಬಣದ ಕಣ್ಣು ಕಾಣಂಗಿಲ್ಲೋ ಮಾರಾಯಾ." "ನನಗ ಬಿಸಲಾಗ ಜೀವಾನೇ ನಿಲ್ಲಂಗಿಲ್ಲ, ಹೋಗು."

ಎದುರಿಗೇ ಚಾದ ಅಂಗಡಿ. ಅಲ್ಲಿ ದಿನಾ ಮೂರು ಮಂದಿ: ಅಡತಿ ಅಂಗಡಿ ಗುಮಾಸ್ತ, ಒಬ್ಬ ಆಟೋದಾಂವ, ಒಬ್ಬ ರಿಟೈರ್ ಮಾಸ್ತರ. ಗುಮಾಸ್ತ ಇಸ್ರೇಲಿನ ಕಡಿ, ಆಟೋದಾಂವ ಪ್ಯಾಲೆಸ್ತೀನಿನ ಕಡಿ, ಮಾಸ್ತರ ಎರಡೂ ಕಡಿ ಬೈಯೋ ಕಡಿ. ನಮ್ಮ ಜಗಳ ಕೇಳಿ ಮೂವರ ಮಾರಿ ಅರಳ್ತು. ಯಾರದು ಖರೆ, ಯಾರದು ಸುಳ್ಳು, ಒಂದು ಮಾತು ಕೇಳಿಲ್ಲ. ನನ್ನ ಹೆಸರು ಶರಣಪ್ಪ, ಅವನ ಹೆಸರು ಮೆಹಬೂಬ, ಅಷ್ಟೇ ಸಾಕಾಯ್ತು. ಗುಮಾಸ್ತ, "ಶರಣಪ್ಪ, ನೀ ಇಸ್ರೇಲ್ ಇದ್ದಂಗ, ಒಂದು ಗೇಣೂ ಬಿಡಬ್ಯಾಡ!" ಅಂದ. ಆಟೋದಾಂವ, "ಮೆಹಬೂಬ್ ಭಾಯ್, ನೀ ಪ್ಯಾಲೆಸ್ತೀನು, ಹಿಂದ ಸರೀಬ್ಯಾಡ!" ಅಂದ. ಆ ದೇಶ ಯಾವ ದಿಕ್ಕಿನಾಗ ಅದ ಅಂತ ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ, ಕುಂತಲ್ಲೇ ಇಬ್ಬರೂ ದೇಶ ಆದಿವಿ! ಮಾಸ್ತರ ಚಸಮಾ ಒರಸ್ಕೊಂಡು ಹೇಳ್ದ, "ತಡೀರಿ. ನಮ್ಮಪ್ಪನ ಜಾಗಾ ಅಂತ ತಿರುಗಿ ಬಂದಾಂವ ಯಾರು? ಮೆಹಬೂಬ. ಕುಂತಲ್ಲಿಂದ ಏಳು ಅನ್ನಿಸ್ಕೊಳ್ಳಾಂವ ಯಾರು? ಶರಣಪ್ಪ. ಹಂಗಾದ್ರ ಇಸ್ರೇಲು ಮೆಹಬೂಬನೇ ಅಲ್ಲೇನ್ರಿ?" ಯಪ್ಪಾ, ಗುಮಾಸ್ತನ ಮಾರಿ ನೋಡ್ಬೇಕಿತ್ತು! ಆಟೋದಾಂವ ಕುಡದ ಚಾ ನುಂಗಲಿಲ್ಲ, ಉಗುಳಲಿಲ್ಲ.

ಕಡೀಗಿ ಮುಂಜಾನೆ ಒಂಬತ್ತಕ್ಕ ಮೂವರೂ ಸುಣ್ಣ ತಂದು ನೆರಳಿನ ನಡುವ ಗೆರಿ ಹೊಡದ್ರು. ಗಿಡದ ಬೊಡ್ಡಿ ಕಡಿನ ಪಾಲು ಮೆಹಬೂಬಂದು, ಆಚಿ ಪಾಲು ನಂದು. ಕೈ ತಟ್ಟಿದ್ರು, ಫೋಟೋ ಹೊಡಕೊಂಡ್ರು. ನೆರಳು ಏನು ಹಾಸಿದ ಚಾಪೀನಾ, ಒಂದ್ ಕಡಿ ಇರ್ಲಿಕ್ಕಿ? ಹೊತ್ತು ಏರಿದಂಗ ಸರದು ಸರದು ಬೊಡ್ಡಿಗಿ ಹೋಯ್ತು. ಹನ್ನೆರಡಕ್ಕ ನನ್ನ ಪಾಲಿಗಿ ಬರೇ ಸುಣ್ಣ. ಇನ್ನ ಮೂರಕ್ಕ, ನೆರಳು ಗಿಡದ ಆಚಿ ಕಡಿ ನಿಂತ ಲಾರಿ ಕೆಳಗ, ಮೆಹಬೂಬನೂ ಬಿಸಲಾಗ. "ಗೆರಿ ಬರೋಬ್ಬರಿ ಅದ, ತಪ್ಪು ಗಿಡದ್ದು" ಅಂದ ಮಾಸ್ತರ. "ಗಿಡಾನೇ ಕಡದ್ರ ಜಗಳೇ ಇರಂಗಿಲ್ಲ" ಅಂದ ಗುಮಾಸ್ತ. ನಾನೂ ಹಟಮಾರಿನೇ, ಗೆರಿ ಬಿಟ್ಟು ಅಲುಗಲಿಲ್ಲ. ಕಣ್ಣಿಗಿ ಕತ್ತಲಿ ಬಂತು, ಬಿದ್ದೆ.

ಎಚ್ಚರ ಆದಾಗ ತಲಿ ಮ್ಯಾಲ ತೋಯಿಸಿದ ಗೋಣಿಚೀಲ, ಬಾಯಿಗಿ ನೀರು ಹಾಕ್ಲಾಕತ್ತಾಂವ ಮೆಹಬೂಬ. ಗೆರಿ ದಾಟಿ ಬಂದಿದ್ದ. ಆ ಮೂವರು? ಅವರ ಮೊಬೈಲಿನಾಗ ಗಾಜಾದ ಒಂದು ಕೂಸು ಖಾಲಿ ಬೋಗಾಣಿ ಹಿಡಕೊಂಡು ಅಳ್ಲಾಕತ್ತಿತ್ತು. "ಚ್ ಚ್" ಅಂದ್ರು, ಬೆರಳಿಲೇ ಅದನ್ನ ಮ್ಯಾಲ ಸರಿಸಿದ್ರು, "ಇನ್ನ ಮೂರು ಚಾ" ಅಂದ್ರು.

ಸಂಜಿಗಿ ಬಸ್ ಸ್ಟ್ಯಾಂಡಿನಾಗ ಮೆಹಬೂಬ ಕಿಡಕ್ಯಾಗ ಟವೆಲ್ ಒಗದು ಇಬ್ಬರಿಗೂ ಸೀಟ್ ಹಿಡದ. ಜಗಳಿದ್ದಾಗೂ ಅದೊಂದು ಬಿಟ್ಟಿರ್ಲಿಲ್ಲ ಅಂವ. ಕಮಲಾಪುರ ಬರೋತನ ಒಂದೇ ಮಾತು: ಹೊಲಿಲಿಕ್ಕೂ ಬಾರದ ಚೀಲ ರಗಡ ಬಿದ್ದಾವ, ನಾವು ಹೊಲಿಯೋ ಮಂದಿ, ಇಷ್ಟು ದಿನ ಬುದ್ಧಿ ಎಲ್ಲಿ ಮೇಯ್ಲಾಕ ಹೋಗಿತ್ತು? ಎರಡು ದಿನದಾಗ ಗಿಡದ ಬಾಜೂಕ ಇಬ್ಬರಿಗೂ ಸಾಲುವಷ್ಟು ಚೀಲದ ಚಪ್ಪರ ಎದ್ದು ನಿಂತಿತು. ಮೂರನೇ ದಿನ ಹೋಗಿ ನೋಡ್ತೀವಿ, ಆ ಮೂವರೂ ಚಾದ ಬೆಂಚು ತಂದು ಚಪ್ಪರದ ಬುಡಕ ಕುಂತಾರ! "ನಮ್ಮ ಮಾತುಕತಿಗಿ ಫಲ ಸಿಕ್ತು ನೋಡ್ರಿ" ಅನ್ಲಾಕತ್ತಾನ ಮಾಸ್ತರ. ಮೆಹಬೂಬ ದಬ್ಬಣ ಮುಂದ ಹಿಡದ, "ಆವೋ ಸಾಬ್, ಆ ಮೂಲಿ ಬಿಚ್ಚ್ಯಾದ, ಒಂದೊಂದು ಹೊಲಗಿ ಹಾಕ್ರಿ, ಆಮ್ಯಾಲ ಕೂಡ್ರಿ." ಗುಮಾಸ್ತಗ ಸಾವಕಾರ ಕರದ, ಆಟೋದಾಂವಗ ಸವಾರಿ ಬಂತು, ಮಾಸ್ತರಗ ಮಂಡಿ ನೋಯ್ತು.

ಏನಂದಿ ಯವ್ವಾ? ಆ ಗಾಜಾದಾಗೂ ಒಂದು ಚಪ್ಪರ ಹಾಕಿದ್ರ ಮುಗೀತೇನು ಅಂತಿ? ಛೀ, ಹುಚ್ಚಿ. ಮ್ಯಾಲಿಂದ ಬಾಂಬು ಬೀಳೋ ಊರಿಗಿ ಗೋಣಿಚೀಲ ಏನು ಮಾಡ್ತದ? ನನ್ನನ್ನೂ ಆ ಬೆಂಚಿಗಿ ಕೂಡಿಸಬ್ಯಾಡ. ನನಗ ತಿಳಿದದ್ದು ಇಷ್ಟೇ: ಯಾರರ ಬಂದು ನಿಮ್ಮ ಜಗಳ ಬಗಿಹರಿಸ್ತೀನಿ ಅಂದ್ರ, ಮೊದಲ ಅವರ ಕೈಯಾಗ ದಬ್ಬಣ ಅದನೋ, ಚಾದ ಕಪ್ ಅದನೋ ನೋಡ್ರಿ. ಏಳ್ರಿನ್ನ, ರೊಟ್ಟಿ ಆರ್ಲಾಕತ್ತಾವ.