ಡಬ್ಬಿಗೆ ಸುರಿದ ಮಾತ್ರೆ

ಹೊಸಕೋಟೆಯ ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತಲ್ಲೇ ಕನಸು ಕಾಣುತ್ತಿದ್ದ ಸಿಂಚನಳ ಕಿವಿ, ಪಕ್ಕದ ಅತ್ತೆ-ಅಳಿಯನ ಮಾತಿಗೆ ತಾನಾಗಿಯೇ ನಿಮಿರಿತು. ಒಳಗೆ ಆ ಅತ್ತೆ ಪಿಳ್ಳಮ್ಮನ ಮಗಳು ಕೀರ್ತನ, ಮೈಯೆಲ್ಲ ಬೆಂಕಿಯಾಗಿ ಕೈಕಾಲು ಅದುರಿಸುತ್ತ ಮಲಗಿದ್ದಳು. ಅವಳು ನುಂಗಿದ ಮಾತ್ರೆಗಳ ಹೆಸರು ಬೇಗ ಬೇಕೆಂದು ಡಾಕ್ಟರು ಹೇಳಿ ಹೋಗಿದ್ದರು. ಪಿಳ್ಳಮ್ಮನ ಕೈಯಲ್ಲಿ ಬಿಡಿ ಮಾತ್ರೆ ತುಂಬಿದ ಒಂದು ಏಲಕ್ಕಿ ಡಬ್ಬಿಯಿತ್ತು.

"ಇದೇನ್ ಅಳಿಯಂದ್ರೇ, ಕಡ್ಲೆಪುರಿ ಸುರ್ದಂಗೆ ಸುರ್ದಿದ್ದೀರಾ?"

"ಹೆಸ್ರು ಓದಿ ಯಾರಾದ್ರೂ ತಲೆ ಕೆಟ್ಟೋರ್ ಮಾತ್ರೆ ಅಂದ್ಬಿಟ್ರೆ ಅಂತ, ಬಿಚ್ಚಿ ಹಾಕಿದ್ದೆ ಅತ್ತೆ."

"ಈಗ ಡಾಕ್ಟ್ರಿಗೂ ಗೊತ್ತಾಗ್ತಿಲ್ಲ. ಯಾರ್ ಕೊಟ್ಟಿದ್ದು?"

"ಇಲ್ಲೊಬ್ರು ಡಾಕ್ಟ್ರು, ಬೆಂಗ್ಳೂರಲ್ಲೊಬ್ರು. ಎರಡೂ ಕೊಟ್ರೆ ಬೇಗ ವಾಸಿಯಾಗುತ್ತೆ ಅಂತ."

"ಒಬ್ರ ವಿಷ್ಯ ಇನ್ನೊಬ್ರಿಗೆ ಹೇಳಿದ್ರಾ?"

"ಬೇಜಾರ್ ಮಾಡ್ಕೋತಾರೆ ಅಂತ..."

"ಆಹಾ! ಅವ್ರು ಬೇಜಾರಾಗ್ಬಾರ್ದು, ನನ್ ಮಗ್ಳು ಸಾಯ್ಬೋದು. ಹಸೂಗೆ ಸೂಜಿ ಹಾಕ್ಸೋವಾಗ್ಲೂ ಹಿಂದೆ ಏನ್ ಹಾಕ್ಸಿದ್ವಿ ಅಂತ ಹೇಳ್ತೀವಲ್ರೀ! ಚೀಟಿ ಎಲ್ಲೈತೆ?"

"ಮನೇಲಿ, ದೇವ್ರ ಪಟದ ಹಿಂದೆ. ಹೋಗಿ ತರ್ತೀನಿ."

"ಬೂದಿಗೆರೆಗೆ ಹೋಗಿ ಬರೋಗಂಟ ಅವ್ಳು ಇರ್ತಾಳಾ? ಪಕ್ಕದ್ಮನೆ ಕೆಂಪರಾಜು ಫೋಟೋ ಕಳಿಸ್ಲಿ."

"ಅವನು ಬೇಡಿ ಅತ್ತೆ! ಊರಿಗೆಲ್ಲ ಡಂಗುರ ಹೊಡೀತಾನೆ. ನನ್ ಮರ್ಯಾದೆ..."

ಪಿಳ್ಳಮ್ಮ ಆಗಲೇ ಫೋನು ಕಿವಿಗಿಟ್ಟಿದ್ದರು.

"ಕೆಂಪರಾಜಾ, ನಮ್ ಕೀರ್ತನಂಗೆ ತಲೆ ಕಾಯಿಲೆ ಕಣಪ್ಪಾ. ಹೂಂ, ತಲೇದೇ. ಅವ್ರ ಮನೆ ಬಾಗ್ಲು ತೆಗ್ದೇ ಐತೆ, ದೇವ್ರ ಪಟದ ಹಿಂದೆ ಎರಡು ಚೀಟಿ ಅವೆ."

ಐದು ನಿಮಿಷಕ್ಕೆ ಫೋಟೋ ಬಂತು. ಪಿಳ್ಳಮ್ಮ ಎದ್ದರು, ಅಳಿಯನೂ ಎದ್ದ.

"ನೀವ್ಯಾಕೆ? ಇಲ್ಲೇ ಕೂತು ಮರ್ಯಾದೆ ಕಾಯ್ಕೊಳ್ಳಿ" ಎಂದು ಅವರೊಬ್ಬರೇ ಒಳಗೆ ಓಡಿದರು.