ಹಿಂದಿನ ಸೀಟಿನ ಎಡಬದಿಯ ಬೆಲ್ಟು

ನಾನು ಹೇಳುವುದು ನನ್ನ ದೊಡ್ಡಮ್ಮನ ಮಗ ಹರಿನಾಥನಿಗೆ ಆದದ್ದು. ಅವನು ಪೆರ್ಲದಲ್ಲೇ ಇದ್ದಾನೆ, ಬೇಕಾದರೆ ಹೋಗಿ ಕೇಳಿ.

ಆ ದಿನ ಕತ್ತಲಾಗಿ ಬಹಳ ಹೊತ್ತಾಗಿತ್ತು. ಅವನು ಕುಂಞಣ್ಣನ ಗ್ಯಾರೇಜಿನಲ್ಲಿ ಕಾರು ಬಿಟ್ಟು ನಡೆದುಕೊಂಡು ಮನೆಗೆ ಬರುತ್ತಿದ್ದ. ಕಾರು ಅಂದರೆ ಅಪ್ಪನ ಕಾಲದ ಅಂಬಾಸಿಡರ್. ಆಗಿನ ಗಾಡಿಗಳಿಗೆ ಬೆಲ್ಟು ಎಲ್ಲಿಂದ? ಅದೇ ಕಾರಿನಲ್ಲಿ, 2008ರಲ್ಲಿ, ಹೊಸಂಗಡಿ ಹತ್ತಿರ ಎದುರಿಗೆ ಬಸ್ಸು ಬಂತೆಂದು ಅವನು ಬ್ರೇಕು ಒತ್ತಿದ್ದ. ಪಕ್ಕದಲ್ಲಿ ಹೆಂಡತಿ ಜಲಜಾಕ್ಷಿ. ಅವಳ ಮಡಿಲಲ್ಲಿ ಮೂರು ವರ್ಷದ ಮಗಳು ಅಮ್ಮು. ಮಗು ಹೋಗಿ ಎದುರಿನ ಗಾಜಿಗೆ ಬಡಿಯಿತು... ಅಷ್ಟೇ.

ಹರಿನಾಥ ಅಳಲಿಲ್ಲ. ಕೂತ್ಕೋ ಅಂದರೆ ಕೂತ, ಉಣ್ಣು ಅಂದರೆ ಉಂಡ. ಗಾಜು ಬದಲಾಯಿಸಿ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿದ. ಯಾಕೆ ಮಾರುವುದಿಲ್ಲ ಅಂತ ಕೇಳಿದರೆ, "ಗೊತ್ತಿಲ್ಲ" ಅನ್ನುತ್ತಿದ್ದ.

ಕೆಲವು ವರ್ಷ ಕಳೆದು ಗಂಡು ಮಗು ಹುಟ್ಟಿತು. ವಿಜೇತ್. ಒಂದು ದಿನ ಜಲಜಾಕ್ಷಿಯೇ ಹೇಳಿದಳು, "ಕಾರು ಶೆಡ್ಡಿನಿಂದ ತೆಗೆಯುವುದಾದರೆ ಬೆಲ್ಟು ಹಾಕಿಸಿ. ಮಗುವಿಗೆ ಬೇರೆಯೇ ಸೀಟು ಬೇಕು. ಇನ್ನು ನಾನು ಮಡಿಲಲ್ಲಿ ಕೂರಿಸುವುದಿಲ್ಲ."

ಮಕ್ಕಳ ಸೀಟು ದುಬೈಯಿಂದ ಅವಳ ಅಣ್ಣ ಕಳಿಸಿದ. ಕುಂಞಣ್ಣ ತುಕ್ಕು ಹಿಡಿದ ನೆಲಕ್ಕೆ ದಪ್ಪ ತಗಡು ವೆಲ್ಡ್ ಮಾಡಿ, ಬೋಲ್ಟು ಬಿಗಿದು ಬೆಲ್ಟು ಕೂರಿಸಿದ. ಹಿಂದಿನ ಸೀಟಿಗೆ ಹಾಕಿದ್ದು ಸೊಂಟದ ಬೆಲ್ಟು, ಜೋಡಿಯಾಗಿಯೇ ಬರುವಂಥದ್ದು. ಬಲಬದಿಯದ್ದು ಮಗುವಿನ ಸೀಟಿಗೆ. ಎಡಬದಿಯದ್ದು ಖಾಲಿ.

ಆ ರಾತ್ರಿ ಆ ಕೆಲಸವನ್ನೆಲ್ಲ ನೋಡಿಕೊಂಡು ಬರುತ್ತಿದ್ದವನು ಆಲದ ಮರದ ಹತ್ತಿರದ ಬಾವಿ ದಾಟಿದ. ಹಿಂದೆ ಶಬ್ದ...

ಸರ್ರ್... ಪಟ್ಟಿ ಎಳೆದ ಹಾಗೆ.

ಟಿಕ್.

ತಿರುಗಿ ನೋಡಿದ. ಬಾವಿಕಟ್ಟೆ, ರಾಟೆ, ಕತ್ತಲೆ. ಹೆದರಿಕೆಯೂ ಆಗಲಿಲ್ಲ ಅವನಿಗೆ. ಕಾಲು ನಡೆಯುತ್ತಿತ್ತು, ಅವನೂ ನಡೆದ.

ಬಾಗಿಲು ತೆಗೆದ ಜಲಜಾಕ್ಷಿ ಪಿಸುಗುಟ್ಟಿದಳು. "ನಿಮ್ಮ ಹಿಂದೆ ಯಾರು ಬಂದದ್ದು?"

"ಯಾರೂ ಇಲ್ಲ."

"ಹೂಂ..." ಅಂದಳು ಅವಳು.

ಬೆಳಿಗ್ಗೆ ಗ್ಯಾರೇಜಿಗೆ ಹೋದರೆ ಕುಂಞಣ್ಣ ಕೀ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ. "ಹರಿಯಣ್ಣ, ಎಡಬದಿಯ ಬೆಲ್ಟು ನೀವು ಹಾಕಿದ್ದಾ?"

"ಇಲ್ಲ. ಎಂತಕ್ಕೆ?"

"ನಾನೂ ಹಾಕಲಿಲ್ಲ. ಕಾರಿಗೆ ಬೀಗ ಉಂಟು ಮಾರಾಯ್ರೆ..."

ಖಾಲಿ ಸೀಟಿನ ಮೇಲೆ ಬೆಲ್ಟು ಬಿದ್ದಿತ್ತು. ಪಟ್ಟಿಯನ್ನು ಗಿಡ್ಡ ಮಾಡಿ ಎಳೆದು, ಮೂರು ವರ್ಷದ ಮಗುವಿಗೆ ಹಾಕುವಷ್ಟು ಬಿಗಿಯಾಗಿ. ಹರಿನಾಥ ಬಿಚ್ಚಿ, ಕಾರು ಮನೆಗೆ ತಂದ. ಸಂಜೆ ನೋಡಿದರೆ ಮತ್ತೆ ಹಾಕಿತ್ತು. ಬಿಚ್ಚಿದ. ಮರುದಿನವೂ ಹಾಗೇ.

ಆ ವಾರ ಕಾರಡ್ಕಕ್ಕೆ, ಜಲಜಾಕ್ಷಿಯ ತವರಿಗೆ ಹೊರಟರು. ಒಂದು ತಿರುವಿನಲ್ಲಿ ದನ ಅಡ್ಡ ಬಂತು. ಹರಿನಾಥ ಬ್ರೇಕಿನ ಮೇಲೆ ನಿಂತ. ಟಯರು ಕಿರ್ರೆಂದಿತು. ಜಲಜಾಕ್ಷಿ ಕೂಗಿ ಹಿಂದೆ ತಿರುಗಿದಳು, ಅವನೂ ತಿರುಗಿದ. ವಿಜೇತನ ಸೀಟು ಅಲ್ಲಾಡಲಿಲ್ಲ. ಮಗು ನಿದ್ದೆಯಿಂದ ಏಳಲೂ ಇಲ್ಲ.

ಎಡಬದಿಯ ಬೆಲ್ಟು ಮಾತ್ರ... ಮುಂದಕ್ಕೆ ಉಬ್ಬಿ ನಿಂತಿತ್ತು. ಒಳಗಿಂದ ಯಾರೋ ಭಾರ ಬಿಟ್ಟ ಹಾಗೆ. ಬೋಲ್ಟು ಕಿರುಗುಟ್ಟಿತು. ಆಮೇಲೆ ಮೆಲ್ಲ ಸೀಟಿಗೆ ಒರಗಿತು.

"ಕಂಡಿರಾ?"

"ಕಂಡೆ."

"ಬೆಲ್ಟು ಹಿಡಿಯಿತು ಅಲ್ವಾ?"

"ಹಿಡಿಯಿತು."

ಹರಿನಾಥನ ಕಣ್ಣಲ್ಲಿ ನೀರಿರಲಿಲ್ಲ. ಸ್ಟೇರಿಂಗು ಹಿಡಿದ ಕೈಯನ್ನು ಬಿಡಿಸಲಿಕ್ಕೆ ಮಾತ್ರ ಆಗಲಿಲ್ಲ. ಜಲಜಾಕ್ಷಿಯೇ ಒಂದೊಂದು ಬೆರಳಾಗಿ ಬಿಡಿಸಿದಳು.

ಆಮೇಲೆ ಅವರು ಅದನ್ನು ಬಿಚ್ಚಿಲ್ಲ. ಅಲ್ಲಿ ಯಾರನ್ನೂ ಕೂರಿಸುವುದೂ ಇಲ್ಲ.

ಸುಳ್ಳು ಹೇಳಿ ನನಗೆ ಆಗಬೇಕಾದ್ದು ಎಂತ ಉಂಟು? 2019ರ ವಿಷು ಹಬ್ಬಕ್ಕೆ ಹೋದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಆ ಪಟ್ಟಿ ತನ್ನಷ್ಟಕ್ಕೆ ಉದ್ದವಾಗುವಂಥದ್ದಲ್ಲ, ಕೈಯಲ್ಲೇ ಎಳೆದು ಸಡಿಲಿಸಬೇಕು. ಮನೆಯಲ್ಲಿ ಯಾರೂ ಮುಟ್ಟಿಲ್ಲ. ಬೆಲ್ಟು ಹಾಕಿಯೇ ಇತ್ತು... ಹೈಸ್ಕೂಲಿಗೆ ಹೋಗುವ ಹುಡುಗಿಯ ಸೊಂಟದ ಅಳತೆಗೆ.